ಎರಡು ಕಾರ್ಡುಗಳ ನಡುವೆ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಫ್ಲಾಪಿಗಳನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ರಸ್ತೆಯ ಧೂಳನ್ನು ಒಂದು ವಾರ ತಿಂದರೆ ಯಾವ ಫ್ಲಾಪಿಯೂ ಬದುಕುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಅಷ್ಟೇ ಕಾರಣ. ಪಕ್ಕದಲ್ಲಿ ಕೂತ ಹೆಂಗಸರು "ಏನ್ ಊಟ ತಂದಿದ್ದೀರಿ?" ಎಂದು ಕೇಳಿದರೆ "ಚಿತ್ರಾನ್ನ" ಎನ್ನುತ್ತಿದ್ದೆ. ನಿಜವಾದ ಊಟ ಬಸ್‌ಸ್ಟ್ಯಾಂಡಿನ ಬನ್ನು, ಬಾಳೆಹಣ್ಣು.

ನಾಲ್ಕು ಊರುಗಳ ಕಚೇರಿಗಳಲ್ಲಿ ರೇಷನ್ ಕಾರ್ಡುಗಳನ್ನು ಎರಡು ಮೂರು ವರ್ಷದ ಹಿಂದೆ ಕಂಪ್ಯೂಟರಿಗೆ ಹಾಕಿದ್ದರು. ಆ ಪ್ರೋಗ್ರಾಮನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬರೆದವಳು ನಾನಲ್ಲ. ಬರೆದವರು ಇನ್ನೆಲ್ಲಿಗೋ ಹೋಗಿದ್ದರು, ಗುತ್ತಿಗೆ ಹಿಡಿದವರು ಕಡಿಮೆ ಸಂಬಳಕ್ಕೆ ಸಿಕ್ಕವಳೆಂದು ನನ್ನನ್ನು ಇಟ್ಟುಕೊಂಡಿದ್ದರು. ಬೇರೆಯವರು ಬರೆದ ಪ್ರೋಗ್ರಾಮು ನೋಡಿಕೊಳ್ಳುವವರಿಗೆ ಬೈಗುಳವೆಲ್ಲ ಸಿಗುತ್ತದೆ, ಹೊಗಳಿಕೆ ಒಂದೂ ಸಿಗುವುದಿಲ್ಲ. ನಾನೂ ಸುಮ್ಮನೆ ಬೈಸಿಕೊಳ್ಳುವ ಪೈಕಿ ಅಲ್ಲ. ಆದ್ದರಿಂದ ನಾಲ್ಕು ಕಚೇರಿಗಳಲ್ಲೂ ನನಗೆ ಕುರ್ಚಿ ಕೊಡುತ್ತಿದ್ದರೇ ಹೊರತು ಮಾತಿಗೆ ಯಾರೂ ಬರುತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯ ಯಜಮಾನರು ಲಾರಿಯ ಮೇಲೆ ಹೋದರೆ ಹದಿನೈದು ದಿನಕ್ಕೆ ಬರುವವರು. ಅವರ ಹೆಂಡತಿ, ಬುರ್ಖಾ ಹೊಲಿಯುತ್ತಿದ್ದ ನಡುವಯಸ್ಸಿನವರು, ಮೊದಲ ದಿನವೇ ಕೇಳಿದ್ದರು: "ಅಕೇಲೀ ಇರ್ತೀಯಾ ಬೇಟಾ? ಮನೆಯವ್ರು?" ನಾನು "ಬರ್ತಾರೆ" ಎಂದೆ. ಬರುವವರು ಯಾರೂ ಇರಲಿಲ್ಲ. ಹನ್ನೊಂದು ತಿಂಗಳ ಮದುವೆ ಮುರಿದುಕೊಂಡು ಬಂದು ಆಗಲೇ ಎರಡು ವರ್ಷವಾಗಿತ್ತು. ತವರು ಅಕ್ಕಿಹೆಬ್ಬಾಳು. ಅಣ್ಣ ಗದ್ದೆ ನೋಡಿಕೊಂಡು, ಎರಡು ಸೀಮೆಹಸು ಕಟ್ಟಿಕೊಂಡು ಇದ್ದ. ನಾನು ಹೋದರೆ ಅತ್ತಿಗೆ ಕಾಫಿ ಕೊಟ್ಟು, ಸಂಜೆಯ ರೈಲು ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದರು. ಎರಡು ಸಲ ಕೇಳಿಸಿಕೊಂಡ ಮೇಲೆ ಹೋಗುವುದನ್ನು ಬಿಟ್ಟೆ. ಭಾನುವಾರ ಮಾಡಲು ಏನೂ ಇಲ್ಲದೆ ಕರಿಘಟ್ಟದ ಮೆಟ್ಟಿಲು ಹತ್ತಿ, ಅವೇ ಮೆಟ್ಟಿಲು ಇಳಿದು, ಕೋಣೆಗೆ ಬಂದು ಬಟ್ಟೆ ಒಗೆಯುತ್ತಿದ್ದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಒಂದು ಮಾತೂ ಆಡದ ವಾರಗಳಿದ್ದವು. ಸೋಮವಾರ ಕಂಡಕ್ಟರನಿಗೆ ಊರಿನ ಹೆಸರು ಹೇಳುವಾಗ ಗಂಟಲು ಕಟ್ಟಿರುತ್ತಿತ್ತು.

ಈಗ ಹೇಳುವ ಸಂಗತಿ ನಡೆದದ್ದು ಆ ನಾಲ್ಕರಲ್ಲಿ ಒಂದು ಕಚೇರಿಯಲ್ಲಿ. ಯಾವುದು ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಗುಮಾಸ್ತರನ್ನು ಗುರುತು ಹಿಡಿಯುವವರು ಈಗಲೂ ಇದ್ದಾರೆ, ಆ ಮನುಷ್ಯ ಒಳ್ಳೆಯವರು.

ಒಂದು ಮಂಗಳವಾರ ನಾನು ಹೋಗುವಷ್ಟರಲ್ಲಿ ಗುಮಾಸ್ತರ ಮೇಜಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷವಿರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಎರಡು ರೇಷನ್ ಕಾರ್ಡು. ಗುಮಾಸ್ತರು ನನ್ನ ಕಡೆ ಕೈ ತೋರಿಸಿ, "ಈವಮ್ಮನ್ನೇ ಕೇಳಮ್ಮಿ, ನಂಗೆ ತಿಳೀತಿಲ್ಲ" ಎಂದರು. ಅವಳು ನನ್ನ ಹತ್ತಿರ ಬಂದಳು.

"ನನ್ನೆಸ್ರು ಸಿಕ್ತಿಲ್ವಂತೆ ಮೇಡಮ್ಮೋರೆ. ಗಂಡನ್ ಮನೆ ಕಡೆ ಸೊಸೈಟೀಲಿ ಕೇಳುದ್ರೆ ನೀನಿನ್ನೂ ತವರು ಕಾರ್ಡಲ್ಲೇ ಇದ್ದೀಯ ಕಣಮ್ಮಿ ಅಂತಾರೆ. ತವರ್‌ನಾಗೆ ಕೇಳುದ್ರೆ ಮದ್ವೆ ಆಗ್ತಲೇ ತೆಗೆದ್ಬುಟ್ಟವ್ರೆ ಅಂತಾರೆ. ನಾನ್ ಎಲ್ಲಿವ್ನಿ ಅಂತ ಒಸಿ ನೋಡ್ಕೊಡಿ."

ನೋಡಿದೆ. ತವರಿನ ಕಾರ್ಡಿನ ಸಂಖ್ಯೆ ಒತ್ತಿದೆ: ಅಪ್ಪ, ತಮ್ಮ, ತಮ್ಮನ ಹೆಂಡತಿ. ಗಂಡನ ಮನೆಯದನ್ನು ಒತ್ತಿದೆ: ಅತ್ತೆ, ಮಾವ, ಗಂಡ, ಮೈದುನ. ಹೆಸರು ಕೊಟ್ಟು ಇಡೀ ತಾಲ್ಲೂಕು ಹುಡುಕಿಸಿದೆ. ಅದೇ ಹೆಸರಿನ ಹೆಂಗಸರು ಬೇಕಾದಷ್ಟು ಜನ ಬಂದರು, ಇವಳು ಬರಲಿಲ್ಲ.

"ಯಾವ್ ಮನೇಲೂ ನಾನಿಲ್ವಾ?" ಎಂದಳು.

ಅವಳಿಗೆ ಬೇಕಾಗಿದ್ದದ್ದು ಅಕ್ಕಿಯಲ್ಲ, ಸೀಮೆಎಣ್ಣೆಯೂ ಅಲ್ಲ. ಗಂಡನ ಊರಿನಲ್ಲಿ ಅಂಗನವಾಡಿಗೆ ಸಹಾಯಕಿ ಬೇಕೆಂದು ಅರ್ಜಿ ಕರೆದಿದ್ದರು. ಅದೇ ಊರಿನವಳೇ ಆಗಿರಬೇಕು, ಅದಕ್ಕೆ ಗುರುತು ರೇಷನ್ ಕಾರ್ಡಿನಲ್ಲಿ ಹೆಸರು. ಪಕ್ಕದ ರಸ್ತೆಯ ಕಚೇರಿಯಲ್ಲಿ ಶನಿವಾರ ಸಂಜೆ ಐದಕ್ಕೆ ಅರ್ಜಿ ಮುಗಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಮುಟ್ಟಿದ ಸೊಸೆ ಆ ಊರಿನಲ್ಲಿ ಇವಳೊಬ್ಬಳೇ ಅಂತೆ. "ಇದೊಂದ್ ಸಿಕ್ಬುಟ್ರೆ ಬೆಳಿಗ್ಗೆ ಎದ್ದು ಒಂದ್ ಕಡೆ ಓಗ್ಬೋದು ಮೇಡಮ್ಮೋರೆ" ಎಂದಳು. ಒಂದು ಕಡೆ ಹೋಗುವುದು ಎನ್ನುವಾಗ ಅವಳ ಮುಖ ನೋಡಿದೆ. ಎಲ್ಲಿಗೆ ಎನ್ನುವುದು ಆ ಮುಖಕ್ಕೆ ಮುಖ್ಯವಾಗಿರಲಿಲ್ಲ.

ಆ ಮಧ್ಯಾಹ್ನ ಪ್ರೋಗ್ರಾಮಿನ ಒಳಗೆ ಕೈಹಾಕಿ ಹುಡುಕಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು, ಸಿಕ್ಕಿದ್ದು ನೋಡಿ ಮೈ ಉರಿದುಹೋಯಿತು. ಮದುವೆಯಾದ ಹೆಣ್ಣಿನ ಹೆಸರನ್ನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಪ್ರೋಗ್ರಾಮು ಎರಡು ಕೆಲಸ ಮಾಡುತ್ತಿತ್ತು. ಮೊದಲು ತವರಿನ ಕಾರ್ಡಿನಿಂದ ಹೆಸರು ಅಳಿಸುವುದು, ಆಮೇಲೆ ಗಂಡನ ಮನೆಯ ಕಾರ್ಡಿಗೆ ಬರೆಯುವುದು. ಆ ಎರಡರ ನಡುವೆ ಕರೆಂಟು ಹೋದರೆ ಮುಗಿಯಿತು. ಅಳಿಸಿದ್ದು ಅಳಿಸಿಹೋಯಿತು, ಬರೆಯಬೇಕಾದ್ದು ಬರೆಯಲೇ ಇಲ್ಲ. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಆಗ ಕಂಪ್ಯೂಟರನ್ನು ಕಾಯಬೇಕಾದ ಯುಪಿಎಸ್ ಪೆಟ್ಟಿಗೆಯ ಬ್ಯಾಟರಿ ಸತ್ತಿತ್ತು, ಅದರ ಮೇಲೆ ದೇವರ ಪಟ ಇಟ್ಟು ಊದುಬತ್ತಿ ಹಚ್ಚುತ್ತಿದ್ದರು.

ಎಂಥ ಮೂರ್ಖ ಇದನ್ನು ಹೀಗೆ ಬರೆದ, ಮೊದಲು ಬರೆದು ಆಮೇಲೆ ಅಳಿಸಿದ್ದರೆ ಕರೆಂಟು ಹೋದರೂ ಹೆಸರು ಎರಡು ಕಡೆ ಉಳಿಯುತ್ತಿತ್ತು, ಯಾರ ಗಂಟೂ ಹೋಗುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿಯೇ ಕೂಗಾಡಿದೆ. ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವ್ರು ಅಂಗೇ ಬರ್ದಿದ್ರು ಕಣಮ್ಮ. ಬದಲಾಯಿಸ್ದೋನು ನಾನೇ."

"ನೀವಾ?"

"ಒಂದೆಣ್ಣು ಒಂದೇ ಸಲಕ್ಕೆ ಎರಡ್ ಮನೇಲಿ ಇರಕ್ಕಾಯ್ತದಾ ಅಂದೆ. ಒಂದ್ ಗಳಿಗೆ ಆದ್ರೂ ತಪ್ಪಲ್ವಾ? ಸರ್ಕಾರಿ ದಾಖಲೇಲಿ ಅಂಗ್ ಬರುದ್ರೆ ಎಂಗೆ? ಮೊದ್ಲು ತವರಿಂದ ತೆಗೀರಿ, ಆಮೇಲೆ ಗಂಡನ್ ಮನೆಗ್ ಸೇರಿಸ್ರಿ ಅಂತ ಕೂತ್ಕಂಡು ಮಾಡ್ಸುದ್ದೆ. ಮರ್ಯಾದೆ ನೋಡ್ದೆ ಕಣಮ್ಮ, ಕರೆಂಟ್ ನೋಡ್ನಿಲ್ಲ."

ನನ್ನ ಕುರ್ಚಿಯನ್ನು ಅವರ ಮೇಜಿನ ಹತ್ತಿರ ಎಳೆದುಕೊಂಡೆ. ದೊಡ್ಡ ಪುಸ್ತಕಗಳ ಕಾಲದಲ್ಲಿ ಅವರು ಈ ಕೆಲಸ ಮಾಡುತ್ತಿದ್ದ ರೀತಿಯನ್ನು ನನಗೆ ತೋರಿಸಿದರು. ಎರಡೂ ಊರಿನ ಪುಸ್ತಕಗಳನ್ನು ಅಕ್ಕಪಕ್ಕ ಬಿಚ್ಚಿಡುವುದು. ತವರಿನ ಪುಸ್ತಕದಲ್ಲಿ ಹೆಣ್ಣಿನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆದು, ಎಡಗೈ ಬೆರಳನ್ನು ಆ ಗೀಟಿನ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ಗಂಡನ ಮನೆಯ ಪುಸ್ತಕಕ್ಕೆ ಬರೆಯುವುದು. ಬರೆದು ಮುಗಿಯುವವರೆಗೆ ಬೆರಳು ತೆಗೆಯುವಂತಿಲ್ಲ. ಕಾಫಿ ಬಂದರೂ, ಸಾಹೇಬರು ಕರೆದರೂ ಏಳುವಂತಿಲ್ಲ. "ಬೆಳ್ಳು ತೆಗುದ್ರೆ ಮರ್ತೋಯ್ತದೆ" ಎಂದರು. ನಾನು ಪಾಠದ ಪುಸ್ತಕದಲ್ಲಿ ಟ್ರಾನ್ಸಾಕ್ಷನ್ ಎಂದು ಓದಿದ್ದು ಇದನ್ನೇ. ಎರಡು ಕೆಲಸವೂ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ತಡೆ ಬಂದರೆ ಎಲ್ಲವೂ ಮೊದಲು ಹೇಗಿತ್ತೋ ಹಾಗೆ ವಾಪಸು. ಆ ಮನುಷ್ಯನಿಗೆ ಮೂವತ್ತು ವರ್ಷದಿಂದ ಅದು ಗೊತ್ತಿತ್ತು. ಕಂಪ್ಯೂಟರಿಗೂ ಬೆರಳಿಡುವುದು ಗೊತ್ತಿರುತ್ತದೆ ಎಂದು ನಂಬಿದ್ದರು, ಅಷ್ಟೇ.

ಬದಲಾವಣೆಗೆ ಅರ್ಜಿ ಕೊಟ್ಟವರ ಪಟ್ಟಿಯೊಂದಿಗೆ ಹೋಲಿಸಿ, ಹಾಗೆ ನಡುವೆ ಸಿಕ್ಕಿಕೊಂಡವರು ಇನ್ನೂ ಎಷ್ಟು ಜನ ಎಂದು ಅಚ್ಚು ಹಾಕಿಸಿದೆ. ಒಂದು ಹಾಳೆ ತುಂಬಿ ಇನ್ನೊಂದಕ್ಕೆ ಹೋಯಿತು. ಎಲ್ಲರೂ ಹೆಂಗಸರು. ಗಂಡಸರು ಕಾರ್ಡು ಬದಲಾಯಿಸುವುದೇ ಇಲ್ಲವಲ್ಲ. ಗುಮಾಸ್ತರು ಹಾಳೆಯನ್ನು ಸಾಹೇಬರಿಗೆ ತೋರಿಸಿದ್ದೇ ತಡ, ಸಾಹೇಬರು ಹೆದರಿದರು. ಪ್ರೋಗ್ರಾಮು ಸರಿಯಾಗುವವರೆಗೆ ಒಂದು ಹೆಸರನ್ನೂ ಬದಲಾಯಿಸಕೂಡದು ಎಂದು ಆಜ್ಞೆಯಾಯಿತು. ಕಾರ್ಡಿನಲ್ಲಿ ಹೆಸರಿದೆ ಎಂದು ಬರೆದುಕೊಡುವ ಚೀಟಿಗೂ ಕಂಪ್ಯೂಟರಿನ ಕ್ರಮಸಂಖ್ಯೆ ಇಲ್ಲದೆ ಅವರು ಸಹಿ ಹಾಕುವವರಲ್ಲ. ಅಂದರೆ ಶನಿವಾರದೊಳಗೆ ನಾನು ಕೆಲಸ ಮುಗಿಸದಿದ್ದರೆ ಆ ಹೆಂಗಸಿನ ಅರ್ಜಿ ಹೋಯಿತು.

ಇದನ್ನು ಅವಳಿಗೆ ಹೇಳಿದೆ. ಗುಮಾಸ್ತರ ಕೆಂಪು ಗೀಟಿನಿಂದ ಹಿಡಿದು ಏನು ತಪ್ಪಾಯಿತು ಎನ್ನುವುದನ್ನೂ ಬಿಡಿಸಿ ಹೇಳಿದೆ. ಅವಳು ಕವರಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಂದ್ರೆ ಎರಡ್ ವರ್ಸದಿಂದ ಗಂಡನ್ ಮನೆ ಕಾರ್ಡಿಗೆ ನನ್ ಪಾಲಿನ ಅಕ್ಕಿ ಬಂದಿಲ್ಲ."

"ಇಲ್ಲ."

"ನಮ್ಮತ್ತೆ ಸೊಸೈಟಿ ಅಕ್ಕೀನ ಸೇರಲ್ಲಿ ಅಳ್ದು ಡಬ್ಬಕ್ ಸುರೀತಾರೆ ಮೇಡಮ್ಮೋರೆ. ಪ್ರತಿ ತಿಂಗ್ಳೂ ಅಳೀತಾರೆ. ಒಬ್ಬ್ರುದು ಕಮ್ಮಿ ಅಂತ ಯಾರ್ಗೂ ಗೊತ್ತಾಗ್ನಿಲ್ವಾ?"

ಆ ಎರಡು ಹಾಳೆಯ ಹೆಂಗಸರಲ್ಲಿ ಒಬ್ಬಳ ಮನೆಯವರೂ ಬಂದು ಕೇಳಿರಲಿಲ್ಲ ಎಂದು ಗುಮಾಸ್ತರು ಆಗತಾನೇ ನನಗೆ ಹೇಳಿದ್ದರು. ಅದನ್ನು ಅವಳಿಗೆ ಹೇಳಲಿಲ್ಲ. ನನ್ನ ಹೆಸರು ಆಗ ಯಾವ ಊರಿನ ಯಾವ ಕಾರ್ಡಿನಲ್ಲಿತ್ತು ಎಂದು ನನಗೇ ಗೊತ್ತಿರಲಿಲ್ಲ. ವಿಚಾರಿಸಿದವರೂ ಇರಲಿಲ್ಲ.

ಬುಧವಾರ ಪೂರ್ತಿ, ಗುರುವಾರ ಪೂರ್ತಿ ಅಲ್ಲೇ ಕೂತೆ. ಬೇರೆ ಮೂರು ಕಚೇರಿಗಳಿಗೆ ಬರುವುದಿಲ್ಲ ಎಂದು ಫೋನು ಮಾಡಿಸಿದೆ. ಆ ಕಾಲಕ್ಕೆ ನಮ್ಮ ಡೇಟಾಬೇಸಿನ ಹೊಸ ಆವೃತ್ತಿ ಬಂದಿತ್ತು, ಅದರಲ್ಲಿ ಟ್ರಾನ್ಸಾಕ್ಷನ್ ಎನ್ನುವ ಸೌಲಭ್ಯವಿತ್ತು. ಆದರೆ ಒಂದು ಷರತ್ತು. ಹಳೆಯ ಕಡತಗಳನ್ನೆಲ್ಲ ಹೊಸ ಡೇಟಾಬೇಸಿನ ಒಳಗೆ ಸೇರಿಸಬೇಕು. ಹೊರಗೆ ಬಿಡಿಯಾಗಿ ಉಳಿದ ಕಡತಕ್ಕೆ ಆ ರಕ್ಷಣೆ ಸಿಗುವುದಿಲ್ಲ. ನಮ್ಮಲ್ಲಿ ಹೋಬಳಿಗೊಂದು ಕಡತ. ಒಂದೊಂದನ್ನೇ ಒಳಗೆ ಸೇರಿಸಿ, ಹೆಸರು ಬದಲಾಯಿಸುವ ಕಡೆಯಲ್ಲೆಲ್ಲ ಆರಂಭ ಇಲ್ಲಿ, ಮುಕ್ತಾಯ ಇಲ್ಲಿ, ಎಡವಿದರೆ ವಾಪಸು ಎಂದು ಬರೆಯುತ್ತಾ ಹೋದೆ. ಅವಳು ದಿನಾ ಬೆಳಿಗ್ಗೆಯ ಬಸ್ಸಿಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಬರಬೇಕಾಗಿರಲಿಲ್ಲ. ಬರಬೇಡ ಎಂದು ಒಂದು ಸಲ ಸಿಡುಕಿದೆ ಕೂಡ. "ಮನೇಲ್ ಕೂತ್ರೂ ಇಲ್ಲೇ ಇರ್ತದೆ ಜೀವ" ಎಂದಳು. ಗುರುವಾರ ಮಧ್ಯಾಹ್ನ ಕಾಗದದಲ್ಲಿ ಸುತ್ತಿದ ರೊಟ್ಟಿ, ಹುರುಳಿಕಾಯಿ ಪಲ್ಯ ನನ್ನ ಮೇಜಿನ ಮೇಲಿಟ್ಟಳು. ಎಷ್ಟೋ ದಿನದ ಮೇಲೆ ಬೇರೊಬ್ಬರ ಕೈಯ ಅಡುಗೆ ಉಂಡದ್ದು ಅವತ್ತು. ಉಣ್ಣುವಾಗ ತನ್ನ ಪಾಡಿಗೆ ಕಣ್ಣಲ್ಲಿ ನೀರು ಬಂತು, ಖಾರ ಎಂದು ಹೇಳಿ ಮುಗಿಸಿದೆ.

ಶುಕ್ರವಾರ ಮಧ್ಯಾಹ್ನ ಪರೀಕ್ಷೆ. ಇನ್ನೊಬ್ಬರ ಹೆಸರಿನ ಮೇಲೆ ಪರೀಕ್ಷೆ ಮಾಡುವಂತಿಲ್ಲ, ಮತ್ತೊಬ್ಬಳು ಮಾಯವಾದರೆ ನಾನು ಯಾರಿಗೆ ಮುಖ ತೋರಿಸಲಿ? ಆದ್ದರಿಂದ ಎರಡು ಸುಳ್ಳು ಕಾರ್ಡು ಮಾಡಿದೆ. ಒಂದರಲ್ಲಿ ನಾನೊಬ್ಬಳೇ. ಇನ್ನೊಂದಕ್ಕೆ ಒಂದು ಕುಟುಂಬ ಬೇಕಿತ್ತು. ಅತ್ತೆ, ಮಾವ, ಒಬ್ಬ ಯಜಮಾನ, ಎರಡು ಮಕ್ಕಳು. ಬಾಯಿಗೆ ಬಂದ ಹೆಸರು ಹಾಕಿದರೆ ಸಾಕಿತ್ತು. ಮಕ್ಕಳ ಹೆಸರಿನ ಹತ್ತಿರ ಬಂದಾಗ ಮಾತ್ರ ನಾನು ಕೈ ನಿಲ್ಲಿಸಿ ಯೋಚಿಸುತ್ತಾ ಕೂತೆ. ಒಂದು ಹೆಸರು ಬರೆದು ಅಳಿಸಿದೆ, ಇನ್ನೊಂದು ಬರೆದೆ. "ಎಲ್ಲಿಗ್ ಬಂತಮ್ಮ?" ಎಂದು ಗುಮಾಸ್ತರು ಕೇಳಿದಾಗಲೇ ನಾಚಿಕೆಯಾಗಿ ಮುಗಿಸಿದ್ದು.

ಪರೀಕ್ಷೆ ಏನೆಂದರೆ, ನನ್ನನ್ನು ಒಂಟಿ ಕಾರ್ಡಿನಿಂದ ಆ ಮನೆಗೆ ಬದಲಾಯಿಸಲು ಹೊರಡುವುದು, ನಡುವೆ ಪ್ರೋಗ್ರಾಮು ಕಾಯುವಂತೆ ಮಾಡುವುದು, ಆಗ ಗುಮಾಸ್ತರು ಗೋಡೆಯ ಪ್ಲಗ್ಗು ಕೀಳುವುದು. ಮತ್ತೆ ಚಾಲೂ ಮಾಡಿದಾಗ ನಾನು ಮೊದಲಿನ ಕಾರ್ಡಿನಲ್ಲಿ, ಒಂಟಿಯಾಗಿಯೇ ಇದ್ದರೆ ಪ್ರೋಗ್ರಾಮು ಸರಿ. ಸಂಬಳ ಕೊಟ್ಟು ಇಂಥ ಕೆಲಸ ಮಾಡಿಸುತ್ತಾರೆ.

"ಕಿತ್ಬುಡ್ಲಾ?" ಎಂದರು ಗುಮಾಸ್ತರು, ಪ್ಲಗ್ಗು ಹಿಡಿದು ಕಣ್ಣು ಮುಚ್ಚಿಕೊಂಡು.

"ಕೀಳಿ."

ಕಿತ್ತರು. ಮತ್ತೆ ಚಾಲೂ ಮಾಡಿ ನೋಡಿದರೆ ನಾನು ಆ ಮನೆಯಲ್ಲೂ ಇರಲಿಲ್ಲ, ನನ್ನ ಕಾರ್ಡಿನಲ್ಲೂ ಇರಲಿಲ್ಲ. ಮೂರು ದಿನದ ದುಡಿಮೆ ನೀರಿಗೆ ಹೋಯಿತು ಎಂದುಕೊಂಡೆ. ಹೊರಗೆ ಬೆಂಚಿನ ಮೇಲಿಂದ ಅವಳು ಬಾಗಿಲ ಹತ್ತಿರ ಬಂದು ನನ್ನ ಮುಖ ನೋಡಿ, ಏನೂ ಕೇಳದೆ ವಾಪಸು ಹೋಗಿ ಕೂತಳು. ಅವಳು ಕೇಳಿ ಜಗಳವಾಡಿದ್ದರೆ ಚೆನ್ನಾಗಿತ್ತು. ಆ ಸಂಜೆ ಬಸ್ಸಿನಲ್ಲಿ ಕೂತು ಶ್ರೀರಂಗಪಟ್ಟಣದವರೆಗೂ ಹೋಬಳಿಗೊಂದು ಬೆರಳು ಬಿಚ್ಚಿ, ಸೇರಿಸಿದ ಕಡತಕ್ಕೊಂದು ಮಡಿಸಿ ಎಣಿಸುತ್ತಾ ಬಂದೆ. ಒಂದು ಬೆರಳು ಉಳಿಯಿತು. ಒಂದು ಹೋಬಳಿಯ ಕಡತವನ್ನು ಡೇಟಾಬೇಸಿನ ಒಳಗೆ ಸೇರಿಸುವುದನ್ನೇ ನಾನು ಮರೆತಿದ್ದೆ. ನನ್ನ ಒಂಟಿ ಕಾರ್ಡನ್ನು ಬರೆದದ್ದು ಅದೇ ಕಡತದಲ್ಲಿ. ಬೇರೆ ಯಾರ ತಪ್ಪೂ ಅಲ್ಲ, ನನ್ನದೇ. ಗುಮಾಸ್ತರ ಮುಂದೆ ಮಂಗಳವಾರ ಅಷ್ಟು ಹಾರಾಡಿದ್ದೆನಲ್ಲ, ಆ ನೆನಪಿಗೆ ಕಿವಿ ಬಿಸಿಯಾಯಿತು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಆ ಕಡತವನ್ನು ಸೇರಿಸಿದೆ. ಗುಮಾಸ್ತರಿಗೆ ತಪ್ಪು ನನ್ನದೆಂದು ಹೇಳಿದೆ. "ಆಗ್ತದೆ ಬುಡಮ್ಮ, ನಂಗೂ ಆಗ್ನಿಲ್ವಾ" ಎಂದರು. ಅವರ ಮುಖ ಅರಳಿದ್ದು ನೋಡಿ ಸ್ವಲ್ಪ ಸಿಟ್ಟೂ ಬಂತು. ಆರು ಸಲ ಪ್ಲಗ್ಗು ಕಿತ್ತರು. ಆರು ಸಲವೂ ನಾನು ನನ್ನ ಕಾರ್ಡಿನಲ್ಲಿ ಒಬ್ಬಳೇ ಉಳಿದೆ. ಏಳನೆಯ ಸಲ ಕೀಳಬೇಡಿ ಎಂದೆ. ಆಗ ಹೆಸರು ಸರಾಗವಾಗಿ ಆ ಮನೆಗೆ ಹೋಗಿ ಮಕ್ಕಳ ಕೆಳಗಿನ ಸಾಲಿನಲ್ಲಿ ಕೂತಿತು. ಅದನ್ನು ಹೆಚ್ಚು ಹೊತ್ತು ನೋಡದೆ ಎರಡೂ ಕಾರ್ಡನ್ನು ಅಳಿಸಿದೆ. ಸಾಹೇಬರು ಬಂದು ನನಗೂ ತೋರಿಸಿ ಎಂದದ್ದಕ್ಕೆ ಬೇರೆ ಎರಡು ಸುಳ್ಳು ಕಾರ್ಡು ಮಾಡಿ ತೋರಿಸಿದೆ. ನೋಡಿ, ಆಗಬಹುದು ಎಂದರು.

ಇನ್ನೊಂದು ತೊಡಕಿತ್ತು. ಅವಳನ್ನು ಬದಲಾಯಿಸಬೇಕಾದರೆ ಅವಳು ಎಲ್ಲಾದರೂ ಒಂದು ಕಡೆ ಇರಬೇಕಲ್ಲ. ಅಳಿಸಿಹೋದ ಹೆಸರನ್ನು ಹಳೆಯ ಫ್ಲಾಪಿಯಿಂದ ತಂದು ಮೊದಲು ತವರಿನ ಕಾರ್ಡಿಗೆ ಕೂರಿಸಬೇಕು. ಗುಮಾಸ್ತರು ತಿಂಗಳಿಗೊಂದು ಫ್ಲಾಪಿಯಲ್ಲಿ ಎಲ್ಲವನ್ನೂ ನಕಲು ಮಾಡಿ ಬಿಸ್ಕತ್ತಿನ ಡಬ್ಬದಲ್ಲಿ ಇಡುತ್ತಿದ್ದರು. ಅವುಗಳ ಮೇಲೆ ಇಂಗ್ಲಿಷ್ ತಾರೀಖು ಇಲ್ಲ. 'ಧಾತು, ಮಾಘ', 'ಈಶ್ವರ, ಶ್ರಾವಣ' ಎಂದು ಸಂವತ್ಸರ, ಮಾಸ. "ಮದ್ವೆ ಎಲ್ಲಾ ಅದ್ರಲ್ಲೇ ಅಲ್ವಾ ಆಗಾದು" ಎಂದರು. ಮೊದಲು ಕಂಡಾಗ ನಾನು ನಕ್ಕಿದ್ದೆ. ಈಗ ಅವಳನ್ನು ಯಾವಾಗ ಮದುವೆ ಎಂದು ಕೇಳಿದರೆ ಅವಳು ಹೇಳಿದ್ದೂ "ಧಾತು ಸಂವತ್ಸರದ ವೈಶಾಖ, ಲಗ್ನಪತ್ರಿಕೇಲಿ ಇತ್ತು" ಎಂದೇ. ಅದರ ಹಿಂದಿನ ಚೈತ್ರದ ಫ್ಲಾಪಿ ತೆಗೆದು ಹಾಕುವಷ್ಟರಲ್ಲಿ ಕರೆಂಟು ಹೋಯಿತು.

ಆಗ ಎರಡು ಗಂಟೆ. ಬಂದದ್ದು ನಾಲ್ಕಕ್ಕೆ. ಆ ಎರಡು ಗಂಟೆ ನಾವು ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಯಾರೂ ಹೆಚ್ಚು ಮಾತಾಡಲಿಲ್ಲ. ಆದರೂ ಅಷ್ಟು ಹೊತ್ತು ಜನರ ಪಕ್ಕ ಕೂತದ್ದು ನನಗೆ ಹಿತವಾಗಿತ್ತು, ಕರೆಂಟು ಬಂದಾಗ ಒಂದು ಕ್ಷಣ ಬೇಜಾರೇ ಆಯಿತು. ಹೇಳಲು ಸಂಕೋಚವಾಗುತ್ತದೆ, ಅವಳ ಅರ್ಜಿಯ ಹೊತ್ತು ಮೀರುತ್ತಿದ್ದಾಗ ನನಗೆ ಹಾಗನ್ನಿಸಿತು.

ಫ್ಲಾಪಿ ಕರಕರ ಎಂದು ಸದ್ದು ಮಾಡಿ ಓದಿಕೊಂಡಿತು. ತವರಿನ ಕಾರ್ಡು ಎರಡು ವರ್ಷದ ಹಿಂದೆ ಇದ್ದ ಹಾಗೆ ತೆರೆಯಿತು. ಅಪ್ಪ, ಅವ್ವ, ಇವಳು, ತಮ್ಮ. ಅವಳನ್ನು ಒಳಗೆ ಕರೆದು ತೋರಿಸಿದೆ.

ಅವಳು ತನ್ನ ಹೆಸರಿಗಿಂತ ಮೊದಲು ಅದರ ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. "ಅವ್ವ" ಎಂದಳು. "ಓದ್ ವರ್ಸ ಓಗ್ಬುಟ್ಟ್ಳು ಅಕ್ಕ. ಇಲ್ಲಿ ಇನ್ನೂ ಅವ್ಳೆ."

ಅಲ್ಲಿಯವರೆಗೆ ನಾನು ಮೇಡಮ್ಮೋರು. ಯಾವಾಗ ಅಕ್ಕ ಆದೆ ಎನ್ನುವುದು ಅವಳಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ.

"ಹಳೇದು ತೋರಿಸ್ತಾ ಇದೆ. ಈಗ ಇದರಿಂದ ನಿನ್ನ ಹೆಸರು ತಗೊಂಡು ಮುಂದೆ ಹೋಗ್ತೀನಿ" ಎಂದೆ. ಅವಳು ನನ್ನ ಕೈ ಹಿಡಿದಳು.

"ಒಸಿ ಒತ್ತು ಅಂಗೇ ಇರ್ಲಿ ಬುಡಕ್ಕ."

ಗಡಿಯಾರ ನಾಲ್ಕು ಹದಿನೈದು ತೋರಿಸುತ್ತಿತ್ತು. ಗುಮಾಸ್ತರು ಬಾಯಿ ತೆರೆದರು, ನಾನು ಅವರ ಕಡೆ ನೋಡಿದೆ, ಮುಚ್ಚಿದರು. ಅವಳು ನಾಲ್ಕು ಸಾಲನ್ನು ನೋಡುತ್ತಾ ನಿಂತಳು. ಆಗ ನನಗೆ ಬಂದ ಯೋಚನೆಯನ್ನು ಬಚ್ಚಿಡುವುದಿಲ್ಲ. ಇವಳನ್ನು ತವರಿನ ಕಾರ್ಡಿಗೆ ಕೂರಿಸಿ ಅಲ್ಲೇ ಬಿಟ್ಟುಬಿಡಬೇಕು, ಸೇರಲ್ಲಿ ಅಳೆದೂ ಇವಳಿಲ್ಲದ್ದನ್ನು ತಿಳಿಯದವರ ಮನೆಗೆ ನನ್ನ ಕೈಯಾರೆ ಯಾಕೆ ಕಳಿಸಲಿ ಎನ್ನಿಸಿತು. ಅದು ಅವಳ ಮೇಲಿನ ಕರುಣೆಯಾಗಿರಲಿಲ್ಲ, ನನ್ನದೇ ಹಳೆಯ ಸಿಟ್ಟು.

ಅವಳೇ ಬೆರಳು ತೆಗೆದಳು. "ಸಾಕು. ಬಸ್ಸು ತಪ್ಪೋದ್ರೂ ಸೈ, ಅರ್ಜಿ ತಪ್ಪಬಾರ್ದು."

ಅವಳನ್ನು ತವರಿನ ಈಗಿನ ಕಾರ್ಡಿಗೆ ಸೇರಿಸಿದೆ. ಅಪ್ಪ, ತಮ್ಮ, ತಮ್ಮನ ಹೆಂಡತಿ, ಕೊನೆಯಲ್ಲಿ ಇವಳು. ಆಮೇಲೆ ಗಂಡನ ಮನೆಯ ಕಾರ್ಡಿನ ಸಂಖ್ಯೆ ಕೊಟ್ಟೆ. ಖಚಿತವೇ ಎಂದು ಕಂಪ್ಯೂಟರು ಕೇಳಿತು.

"ನಾನೇ ಒತ್ಲಾ ಅಕ್ಕ?" ಎಂದಳು.

ಎಲ್ಲಿ ಒತ್ತಬೇಕೆಂದು ತೋರಿಸಿದೆ. ಒತ್ತಿದಳು. ಕರೆಂಟು ಹೋಗಲಿಲ್ಲ. ಗಂಡನ ಮನೆಯ ಕಾರ್ಡಿನಲ್ಲಿ ಐದನೆಯ ಹೆಸರು ಬಂತು. ಪ್ರಿಂಟರು ಚೀಟಿ ಅಚ್ಚು ಹಾಕಿತು, ಗುಮಾಸ್ತರು ಅದನ್ನು ಹರಿದುಕೊಂಡು ಸಾಹೇಬರ ಕೋಣೆಗೆ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಹಿಯಾಗಿ ಬರುವವರೆಗೆ ಅವಳು, ತವರಿನ ಕಾರ್ಡು ಇನ್ನೊಂದು ಸಲ ತೋರಿಸಿ ಎಂದಳು. ತೋರಿಸಿದೆ. ಅಪ್ಪ, ತಮ್ಮ, ತಮ್ಮನ ಹೆಂಡತಿ. ಕೆಳಗೆ ಖಾಲಿ.

"ಗೀಟೂ ಇರಲ್ವಾ?"

"ಇದರಲ್ಲಿ ಇರಲ್ಲ. ಇದ್ದದ್ದು ಪೂರ್ತಿ ಹೋಗುತ್ತೆ."

"ಮತ್ತೆ ನಾನ್ ಅಲ್ಲಿದ್ದೆ ಅಂತ ಯಾರ್ಗ್ ಗೊತ್ತಾಯ್ತದೆ?"

"ನನಗೆ ಗೊತ್ತಿದೆಯಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ. ಆದರೆ ಆ ಊರಿಗೆ ಬಂದಮೇಲೆ ಅಷ್ಟು ಮನಸ್ಸಿಟ್ಟು ನಾನು ಯಾರಿಗೂ ಏನೂ ಹೇಳಿರಲಿಲ್ಲ.

ಒಳ್ಳೆಯ ಮನಸ್ಸಿನ ಹುಡುಗಿ, ನೋಯಿಸಬೇಕೆಂದು ಆಡಿದ ಮಾತಲ್ಲ.

"ನಿಮ್ದೇನಕ್ಕ, ಇವತ್ ಇದ್ದು ನಾಳೆ ಓಗೋರು" ಎಂದಳು.

ಅಷ್ಟರಲ್ಲಿ ಗುಮಾಸ್ತರು ಚೀಟಿ ತಂದರು. ಅವಳು ಅದನ್ನು ಕವರಿನೊಳಗೆ ಇಟ್ಟುಕೊಂಡು, ನಮ್ಮಿಬ್ಬರಿಗೂ ಕೈಮುಗಿದು, ಸೆರಗು ಸಿಕ್ಕಿಸಿ ಓಡಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಅರ್ಜಿ ಸೇರಿತಂತೆ. ಕೆಲಸವೂ ಅವಳಿಗೇ ಆಯಿತು ಎಂದು ಎಷ್ಟೋ ತಿಂಗಳ ಮೇಲೆ ಗುಮಾಸ್ತರು ಒಂದು ಕಾಗದದಲ್ಲಿ ಬರೆದಿದ್ದರು. ಆ ಕಾಗದ ನನ್ನನ್ನು ಹುಡುಕಿಕೊಂಡು ಎರಡು ವಿಳಾಸ ತಿರುಗಿ ಬಂತು. ಪ್ರೋಗ್ರಾಮು ಸರಿಯಾಯಿತಲ್ಲ, ಇನ್ನು ನೋಡಿಕೊಳ್ಳುವವರು ಬೇಡ ಎಂದು ಗುತ್ತಿಗೆಯವರು ಆ ತಿಂಗಳ ಕೊನೆಗೇ ನನ್ನನ್ನು ಕೆಲಸದಿಂದ ಬಿಡಿಸಿದ್ದರು.